ಗುಣಿಸಬೇಕೋ, ಭಾಗಿಸಬೇಕೋ?

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ಭಿನ್ನರಾಶಿಯನ್ನು ಬರೀ ಅಂಕಿಯಲ್ಲಿ ಕೊಟ್ಟರೆ ಪಟಪಟನೆ ಮಾಡುತ್ತಾಳೆ. ವಾಕ್ಯದಲ್ಲಿ ಕೊಟ್ಟರೆ ಗುಣಿಸಬೇಕೋ ಭಾಗಿಸಬೇಕೋ ಗೊತ್ತಾಗುವುದಿಲ್ಲ. ‘4½ ಲೀಟರ್ ಎಣ್ಣೆ ತುಂಬಲು ¾ ಲೀಟರಿನ ಬಾಟಲಿ ಎಷ್ಟು ಬೇಕು?’ ಎಂಬ ಲೆಕ್ಕಕ್ಕೆ ಗುಣಿಸಿ 3⅜ ಅಂತ ಬರೆದಿದ್ದಾಳೆ. ಭಾಗಿಸು ಅಂದರೆ, ‘ಆಗ 6 ಬರುತ್ತೆ. ಭಾಗ ಮಾಡಿದ ಮೇಲೆ ಜಾಸ್ತಿ ಹೇಗಾಗುತ್ತೆ?’ ಅಂತ ನನ್ನನ್ನೇ ಕೇಳುತ್ತಾಳೆ. ಏನು ಹೇಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ಮಗಳ ಪ್ರಶ್ನೆ ಸರಿಯಾಗೇ ಇದೆ. ಇಷ್ಟು ದಿನ ಅವಳು ಭಾಗಿಸಿದ್ದೆಲ್ಲ ಪೂರ್ಣ ಸಂಖ್ಯೆಗಳಿಂದ. 12 ಲಾಡು ನಾಲ್ಕು ಜನಕ್ಕೆ ಹಂಚಿದರೆ ತಲಾ ಮೂರು. ಮುಕ್ಕಾಲು ಜನಕ್ಕೆ ಹಂಚೋದು ಹೇಗೆ? ಆಗಲ್ಲ. ಹಾಗಾಗಿ ಇಲ್ಲಿ ಹಂಚುವ ಮಾತು ಬಿಟ್ಟು ಅಳೆಯುವ ಮಾತು ಹೇಳಿ. ನಾಲ್ಕೂವರೆ ಲೀಟರಿನಲ್ಲಿ ಮುಕ್ಕಾಲು ಲೀಟರನ್ನು ಎಷ್ಟು ಸಲ ತೆಗೆಯಬಹುದು? ಬಾಟಲಿ ಒಂದು ಲೀಟರಿಗಿಂತ ಚಿಕ್ಕದು. ಅಂದ ಮೇಲೆ ನಾಲ್ಕೂವರೆಗಿಂತ ಜಾಸ್ತಿ ಬಾಟಲಿ ಬೇಕೇ ಬೇಕು. 3⅜ ತಪ್ಪು ಅಂತ ಪೆನ್ಸಿಲ್ ಹಿಡಿಯುವ ಮೊದಲೇ ಗೊತ್ತಾಗುತ್ತದೆ, ಅಲ್ವಾ?

ಕಾಲು ಲೀಟರ್ ಹಿಡಿಯುವ ಒಂದು ಲೋಟ ತಗೊಳ್ಳಿ. ನಾಲ್ಕೂವರೆ ಲೀಟರ್ ಅಂದರೆ 18 ಲೋಟ. ಒಂದು ಬಾಟಲಿಗೆ 3 ಲೋಟ. 18ನ್ನು 3ರಿಂದ ಭಾಗಿಸಿದರೆ 6. ಅಂಶ, ಛೇದ ತಿರುಗಿಸುವ ಕೆಲಸವೇ ಬರಲಿಲ್ಲ.

ಇದೇ ಲೆಕ್ಕದಲ್ಲಿ ಎಣ್ಣೆ 5 ಲೀಟರ್ ಇದ್ದರೆ? ದೊಡ್ಡವರೂ ಎಡವುವುದು ಇಲ್ಲೇ. ಭಾಗಿಸಿದರೆ 6⅔ ಬರುತ್ತದೆ. ಆರು ಬಾಟಲಿ ತುಂಬಿ ⅔ ಲೀಟರ್ ಉಳಿಯಿತು ಅಂತ ಬಹಳ ಜನ ಬರೆಯುತ್ತಾರೆ. ಲೋಟದಲ್ಲಿ ನೋಡಿ: 20 ಲೋಟದಲ್ಲಿ 18 ಖರ್ಚಾಗಿ ಉಳಿದದ್ದು 2 ಲೋಟ, ಅಂದರೆ ಅರ್ಧ ಲೀಟರ್. ಆ ⅔ ಲೀಟರಿನದಲ್ಲ, ಬಾಟಲಿಯದು. ಏಳನೇ ಬಾಟಲಿ ಮೂರರಲ್ಲಿ ಎರಡು ಪಾಲು ತುಂಬಿದೆ ಅಷ್ಟೇ. ‘ಎಷ್ಟು ಬಾಟಲಿ ಬೇಕು’ ಅಂದರೆ 7, ‘ಎಷ್ಟು ಬಾಟಲಿ ಪೂರ್ತಿ ತುಂಬುತ್ತವೆ’ ಅಂದರೆ 6, ‘ಎಷ್ಟು ಎಣ್ಣೆ ಉಳಿಯುತ್ತದೆ’ ಅಂದರೆ ½ ಲೀಟರ್. ಭಾಗಾಕಾರ ಒಂದೇ, ಉತ್ತರ ಮೂರು. ಹಾಗಾಗಿ ಕೊನೆಯ ಸಾಲನ್ನು ಇನ್ನೊಮ್ಮೆ ಓದದೆ ಉತ್ತರ ಬರೆಯಲು ಬಿಡಬೇಡಿ.

ತಿರುಗಿಸಿ ಗುಣಿಸುವುದು ಯಾಕೆ ಅಂತಲೂ ಅವಳು ಕೇಳದೇ ಇರುವುದಿಲ್ಲ. ಅದಕ್ಕೆ ಅಂಗಡಿ ಲೆಕ್ಕ ಒಳ್ಳೆಯದು. ಮುಕ್ಕಾಲು ಕೆಜಿ ಗೋಡಂಬಿಗೆ 600 ರೂಪಾಯಿ ಆದರೆ ಕೆಜಿಗೆ ಎಷ್ಟು? ಮುಕ್ಕಾಲಿನಲ್ಲಿ ಮೂರು ಕಾಲು ಕೆಜಿಗಳಿವೆ. 600ನ್ನು 3ರಿಂದ ಭಾಗಿಸಿ, ಕಾಲು ಕೆಜಿಗೆ 200. ಅದನ್ನು 4ರಿಂದ ಗುಣಿಸಿ, 800. ಮೂರರಿಂದ ಭಾಗಿಸಿ ನಾಲ್ಕರಿಂದ ಗುಣಿಸಿದೆವು, ಅಂದರೆ 4/3ರಿಂದ ಗುಣಿಸಿದೆವು. ¾ ತಿರುಗಿದ್ದು ಹೀಗೆ. ಹೊಸ ಸೂತ್ರವೇನಲ್ಲ ಇದು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲೇ, ಮಹಾವೀರಾಚಾರ್ಯ ಇದನ್ನು ಬರೆದಿಟ್ಟಿದ್ದಾನೆ: ಭಾಜಕದ ಅಂಶ, ಛೇದ ಅದಲುಬದಲು ಮಾಡಿ ಗುಣಿಸು.

ಇನ್ನು ಗುಣಿಸುವುದು ಯಾವಾಗ? ಪೂರ್ತಿ ಎಷ್ಟು ಅಂತ ಗೊತ್ತಿದ್ದು, ಅದರಲ್ಲಿ ಇಷ್ಟು ಭಾಗ ಎಷ್ಟು ಅಂತ ಕೇಳಿದಾಗ. ಎರಡೂವರೆ ಎಕರೆ ಜಮೀನು, ಐದರಲ್ಲಿ ಮೂರು ಪಾಲಿಗೆ ರಾಗಿ ಹಾಕಿದ್ದಾರೆ ಅನ್ನಿ. ಎಕರೆಗೆ 40 ಗುಂಟೆ, ಒಟ್ಟು 100 ಗುಂಟೆ. ಐದರಲ್ಲಿ ಒಂದು ಪಾಲು 20, ಮೂರು ಪಾಲು 60 ಗುಂಟೆ, ಅಂದರೆ ಒಂದೂವರೆ ಎಕರೆ. 2½ × ⅗ ಮಾಡಿದರೂ ಅಷ್ಟೇ ಬರುತ್ತದೆ.

‘ಪಾಲು ಅಂತ ಕಂಡರೆ ಭಾಗಿಸು, ಒಟ್ಟು ಅಂತ ಕಂಡರೆ ಕೂಡು’ ಅಂತ ಕೆಲವರು ಮಕ್ಕಳಿಗೆ ಪಟ್ಟಿ ಬರೆಸುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ರಾಗಿ ಲೆಕ್ಕದಲ್ಲಿ ಪಾಲೂ ಇತ್ತು, ಒಟ್ಟೂ ಇತ್ತು. ನಾವು ಮಾಡಿದ್ದು ಗುಣಾಕಾರ.