ಎಡಕ್ಕೆ ತಿರುಗುವಾಗ ಕೈ ಬ್ರೇಕ್ ಹಿಡಿಯುತ್ತದೆ

ಅಕ್ಕಾ, ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಂದು ಹಳ್ಳಿಯವಳು. ವಯಸ್ಸು 23. ಡಿಗ್ರಿ ಮುಗಿದಿದೆ. ಒಂಬತ್ತನೇ ತರಗತಿಯಿಂದ ಸೈಕ್ಲಿಂಗ್ ಮಾಡುತ್ತಿದ್ದೇನೆ. ಅಪ್ಪ ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಕಾರ್ಬನ್ ಸೈಕಲ್ ಕೊಡಿಸಿದರು. ಹೋದ ವರ್ಷ ಆಯ್ಕೆಯ ರೇಸ್ ಇತ್ತು. ಮುಗಿಯಲು ಇನ್ನು ನಾಲ್ಕೇ ಕಿಲೋಮೀಟರ್. ಐದು ಜನ ಮುಂದಿದ್ದೆವು. ಒಂದು ಎಡ ತಿರುವಿನಲ್ಲಿ ಜಲ್ಲಿ ಕಡಿ ಚೆಲ್ಲಿತ್ತು. ಜಾರಿ ಬಿದ್ದೆ, ಕಾಲರ್ ಬೋನ್ ಮುರಿಯಿತು. ನನ್ನ ರೂಮ್‌ಮೇಟ್ ಪಕ್ಕದಲ್ಲೇ ದಾಟಿ ಹೋದಳು. ತಿರುಗಿ ಸಹ ನೋಡಲಿಲ್ಲ. ಅವಳಿಗೆ ಆಯ್ಕೆ ಆಯಿತು, ಮುಂದೆ ಮೆಡಲ್ ಬಂತು, ಈಗ ಕ್ರೀಡಾ ಕೋಟಾದಲ್ಲಿ ನೌಕರಿ. ಎರಡು ಸಲ ಫೋನ್ ಮಾಡಿದಳು. ನಾನು ಎತ್ತಲಿಲ್ಲ.

ಕೈ ಜೋಳಿಗೆಯಲ್ಲಿದ್ದಾಗ ಹೊತ್ತು ಹೋಗಲಿ ಅಂತ ರಸ್ತೆ ಬದಿಯಲ್ಲಿ ಕೂತು ಸಣ್ಣ ಹುಡುಗಿಯರ ಟೈಮ್ ಹಿಡಿಯುತ್ತಿದ್ದೆ. ಒಬ್ಬಳು ಎದುರುಗಾಳಿಯಲ್ಲಿ ಭಾರಿ ಗಿಯರ್ ಹಾಕಿ ಒದ್ದಾಡುತ್ತಿದ್ದಳು, ತಿದ್ದಿದೆ. ಜಿಲ್ಲಾ ಮಟ್ಟದಲ್ಲಿ ಎರಡನೇ ಸ್ಥಾನ ಬಂದಳು. ಅದಿರಲಿ.

ಈಗ ಎಲುಬು ಕೂಡಿದೆ. ಆದರೆ ಎಡ ತಿರುವು ಬಂದರೆ ಕೈ ತಾನಾಗಿಯೇ ಬ್ರೇಕ್ ಹಿಡಿಯುತ್ತದೆ. ಅಣ್ಣ ‘ಸಾಕ್ ಮಾಡು ಇನ್ನ, ಇಂಡಿ ಕಡಿಂದ ಛಲೋ ಸಂಬಂಧ ಬಂದದ’ ಅನ್ನುತ್ತಾನೆ. ಗೆಳತಿಯರು ದೈಹಿಕ ಶಿಕ್ಷಣದ ಬಿ.ಪಿ.ಇಡಿ ಮಾಡು ಅನ್ನುತ್ತಾರೆ. ಅಪ್ಪ ಏನೂ ಅನ್ನುವುದಿಲ್ಲ, ವಾರಕ್ಕೊಮ್ಮೆ ನನ್ನ ಸೈಕಲ್ ಒರೆಸಿ ಇಡುತ್ತಾರೆ. ನನಗೆ ಮಾತ್ರ ಇನ್ನೊಂದು ಸಲ ರೇಸ್‌ಗೆ ಇಳಿದು ಅವಳನ್ನು ಹಿಂದೆ ಹಾಕಬೇಕು ಅನಿಸುತ್ತದೆ. ಆ ಒಂದು ತಿರುವು ನನ್ನ ಬದುಕನ್ನೇ ತಿರುಗಿಸಿತು. ಏನು ಮಾಡಲಿ?

ತಂಗಿ,

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಮೊದಲು ನಿನ್ನ ಕೈಯ ಮಾತು. ನಿನ್ನ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹಚ್ಚಿದ್ದು ಅದೇ. ಮದುವೆ, ನೌಕರಿ ಎಲ್ಲ ಆಮೇಲೆ. ಎಲುಬು ಕೂಡುವುದು ಬೇರೆ, ಅಂಜಿಕೆ ಹೋಗುವುದು ಬೇರೆ. ಕಾಲರ್ ಬೋನ್ ಮುರಿಯುವುದು ಸೈಕ್ಲಿಂಗ್‌ನಲ್ಲಿ ಹೊಸದಲ್ಲ. ಬಿದ್ದಾಗ ಕೈ ಊರುತ್ತೇವೆ, ಇಲ್ಲವೇ ಭುಜದ ಮೇಲೆ ಬೀಳುತ್ತೇವೆ, ಪೆಟ್ಟು ಹೋಗಿ ಅಲ್ಲೇ ಮುಟ್ಟುತ್ತದೆ. ಎಲುಬಿನ ಡಾಕ್ಟರ್ ಎಕ್ಸ್‌ರೇ ನೋಡಿ ಹೂಂ ಅಂದಿದ್ದರೆ ಆ ವಿಷಯ ಅಲ್ಲಿಗೆ ಮುಗಿಯಿತು. ಉಳಿದದ್ದು ಬ್ರೇಕ್ ಹಿಡಿಯುವ ಕೈ.

ಪರಿಚಯದ ಒಬ್ಬ ಕೋಚ್‌ಗೆ ನಿನ್ನ ಹೆಸರು ಹೇಳದೆ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಇದು ನಿನಗೆ ಗೊತ್ತಿಲ್ಲದ್ದೇನಲ್ಲ. ವೇಗ ಇಳಿಸುವುದಿದ್ದರೆ ತಿರುವಿಗೆ ಮೊದಲೇ ಇಳಿಸಬೇಕು. ತಿರುವಿನೊಳಗೆ ಬ್ರೇಕ್ ಹಿಡಿದರೆ ಟೈರಿನ ಹಿಡಿತ ಒಂದಿಷ್ಟು ಅಲ್ಲೇ ಖರ್ಚಾಗುತ್ತದೆ. ಅಂದರೆ ಬೀಳಬಾರದು ಅಂತ ನಿನ್ನ ಕೈ ಮಾಡುತ್ತಿರುವ ಕೆಲಸವೇ ನಿನ್ನನ್ನು ಬೀಳಿಸಬಹುದು. ಎಡಕ್ಕೆ ತಿರುಗುವಾಗ ಎಡ ಪೆಡಲ್ ಮೇಲೆ ಇರಲಿ, ಭಾರವೆಲ್ಲ ಕೆಳಗಿನ ಬಲಗಾಲಿನ ಮೇಲೆ ಬೀಳಲಿ. ಕಣ್ಣು ಕಡಿಯ ಮೇಲೆ ಬೇಡ, ತಿರುವು ಮುಗಿದು ರಸ್ತೆ ನೆಟ್ಟಗಾಗುವ ಕಡೆ ಇರಲಿ. ನೋಡಿದ ಕಡೆಗೇ ಸೈಕಲ್ ಹೋಗುತ್ತದೆ. ಯಾವುದಾದರೂ ಖಾಲಿ ಮೈದಾನದಲ್ಲಿ ಎರಡು ಚಪ್ಪಲಿ ಇಟ್ಟು, ಅವುಗಳ ಸುತ್ತ ಎಂಟರ ಆಕಾರದಲ್ಲಿ ಸಾವಕಾಶ ತಿರುಗಿಸು. ದಿನಕ್ಕೆ ಹದಿನೈದು ನಿಮಿಷ ಸಾಕು. ಎರಡು ತಿಂಗಳು ಸೋಲಾಪುರ ರಸ್ತೆಗೂ ಹೋಗಬೇಡ, ಸಿಂದಗಿ ರಸ್ತೆಗೂ ಹೋಗಬೇಡ. ಅಲ್ಲಿ ಲಾರಿಗಳ ನಡುವೆ ಅಂಜಿಕೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಇನ್ನು ಆ ಗೆಳತಿ.

ಗುಂಪು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇತ್ತು ಅಂತ ಇಟ್ಟುಕೋ. ಅಂದರೆ ಒಂದು ಸೆಕೆಂಡಿಗೆ 11 ಮೀಟರ್. ನೀನು ಬಿದ್ದ ಸದ್ದು ಅವಳ ಕಿವಿಗೆ ಬಿದ್ದು, ಅದು ನೀನೇ ಅಂತ ತಿಳಿಯುವಷ್ಟರಲ್ಲಿ ಅವಳು ಎಷ್ಟು ದೂರ ಹೋಗಿರುತ್ತಾಳೆ, ನೀನೇ ಲೆಕ್ಕ ಹಾಕು. ಕಡಿ ಚೆಲ್ಲಿದ ತಿರುವಿನಲ್ಲಿ ಹಿಂದೆ ತಿರುಗಿ ನೋಡಿದ್ದರೆ ಅವಳೂ ನಿನ್ನ ಪಕ್ಕದಲ್ಲೇ ಬೀಳುತ್ತಿದ್ದಳು. ನಿಂತಿದ್ದರೆ ಅವಳ ಆಯ್ಕೆ ಹೋಗುತ್ತಿತ್ತು, ನಿನ್ನದು ಬರುತ್ತಿರಲಿಲ್ಲ. ಇದೆಲ್ಲ ನಿನಗೂ ಗೊತ್ತು. ಆದರೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಅಲ್ವಾ? ಆಗಲೇಬೇಕು. ಒಂದೇ ಕೋಣೆಯಲ್ಲಿ ಮಲಗಿದವರು, ಒಂದೇ ಪಂಪಿನಲ್ಲಿ ಗಾಳಿ ಹಾಕಿದವರು ನೀವು.

ಈ ಸಂಕಟ ನಾನೂ ಉಂಡಿದ್ದೇನೆ. ಡಿಗ್ರಿ ಮುಗಿದ ವರ್ಷ ಬೆಂಗಳೂರಿನಲ್ಲಿ ಒಂದು ಕೆಲಸಕ್ಕೆ ಸಂದರ್ಶನದ ಪತ್ರ ಬಂದಿತ್ತು. ನಮ್ಮ ಮನೆಗೆ ಬೀಗ ಇದ್ದದ್ದರಿಂದ ಆ ಪತ್ರವನ್ನು ಪಕ್ಕದ ಮನೆಯ ಕಾಕೂ ಇಸಿದುಕೊಂಡಿದ್ದರು. ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟು ಮರೆತುಬಿಟ್ಟರು. ನನ್ನ ಕೈ ಸೇರಿದಾಗ ಸಂದರ್ಶನ ಮುಗಿದು ಎರಡು ದಿನ ಆಗಿತ್ತು. ಲಕೋಟೆಯ ಮೇಲೆ ಡಬ್ಬಿಯ ತಳದ ಗುಂಡನೆಯ ಗುರುತು ಬಿದ್ದಿತ್ತು, ಅದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹತ್ತು ವರ್ಷ ನಾನು ಕಾಕೂ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ನನ್ನ ಬದುಕು ತಪ್ಪಿದ್ದು ಆ ಡಬ್ಬಿಯಿಂದ ಅಂತ ಎಲ್ಲರ ಮುಂದೆ ಹೇಳಿಕೊಂಡು ಬಂದೆ. ಒಂದು ದಿನ ಅವ್ವ ತಣ್ಣಗೆ ಕೇಳಿದಳು, ‘ಪತ್ರ ಆ ದಿನಾನ ಸಿಕ್ಕಿದ್ದರ ಬಸ್ಸಿಗೆ ರೊಕ್ಕ ಎಲ್ಲಿತ್ತು ಬೇ?’ ಇರಲಿಲ್ಲ. ಅವತ್ತು ಮನೆಯಲ್ಲಿ ನಿಜಕ್ಕೂ ರೊಕ್ಕ ಇರಲಿಲ್ಲ. ನಾನು ಅದನ್ನು ಮರೆತೇಬಿಟ್ಟಿದ್ದೆ. ಅಷ್ಟು ಹೊತ್ತಿಗೆ ಕಾಕೂಗೆ ಕಿವಿ ಮಂದ ಆಗಿತ್ತು. ನಾನು ಹೋಗಿ ಹೇಳಿದ್ದು ಅವರಿಗೆ ಎಷ್ಟು ಕೇಳಿಸಿತೋ ಏನೋ.

ನೀನು ಹತ್ತು ವರ್ಷ ಕಾಯಬೇಡ. ಅವಳಿಗೆ ಒಂದು ಫೋನ್ ಮಾಡು. ‘ಅವತ್ತು ನೀ ತಿರುಗಿ ನೋಡಲಿಲ್ಲ, ನನಗ ಭಾಳ ನೋವಾತು’ ಅಂತ ಬಾಯಿ ಬಿಟ್ಟು ಹೇಳು. ಆಮೇಲೆ ಅವಳು ಹೇಳುವುದನ್ನೂ ಕೇಳು. ಈ ಫೋನ್ ಮುಗಿಯುವ ತನಕ ರೇಸ್ ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಯಾಕೆ ಅಂದರೆ ನೀನು ಬರೆದಿರುವುದು ‘ನನಗೆ ರೇಸ್ ಬೇಕು’ ಅಂತ ಅಲ್ಲ, ‘ಅವಳನ್ನು ಹಿಂದೆ ಹಾಕಬೇಕು’ ಅಂತ. ಆ ತಿರುವು ಒಂದು ಆಯ್ಕೆಯನ್ನು ಕಸಿದುಕೊಂಡಿತು, ನಿಜ. ಮುಂದಿನ ತೀರ್ಮಾನವನ್ನೂ ಅದರ ಕೈಗೇ ಕೊಡಬೇಡ.

ಬಿದ್ದವರು ಮತ್ತೆ ಏಳುತ್ತಾರಾ ಅಂತ ನಿನ್ನೊಳಗೆ ಅನುಮಾನ ಇದ್ದರೆ ಆನೆಮಿಕ್ ವಾನ್ ವ್ಲೂಟೆನ್ ಅವರನ್ನು ನೆನೆಸಿಕೋ. ನಿನ್ನ ಆಟದವರೇ, ನೆದರ್ಲೆಂಡ್ಸ್‌ನವರು. 2016ರ ರಿಯೊ ಒಲಿಂಪಿಕ್ಸ್ ರೋಡ್ ರೇಸ್‌ನಲ್ಲಿ ಎಲ್ಲರಿಗಿಂತ ಮುಂದಿದ್ದರು. ಇಳಿಜಾರಿನ ಒಂದು ತಿರುವಿನಲ್ಲಿ ಬಿದ್ದರು. ಬೆನ್ನುಮೂಳೆ ಮೂರು ಕಡೆ ಬಿರುಕು ಬಿಟ್ಟಿತು. ಬಂಗಾರ ಅವರದೇ ದೇಶದ ಆನಾ ವಾನ್ ಡೆರ್ ಬ್ರೆಗೆನ್ ಪಾಲಾಯಿತು. ಆಗ ಆನೆಮಿಕ್‌ಗೆ 33 ವರ್ಷ. ಮರುವರ್ಷವೇ, ಒಬ್ಬೊಬ್ಬರೇ ಸಮಯದ ವಿರುದ್ಧ ಓಡಿಸುವ ಟೈಮ್ ಟ್ರಯಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟೈಮ್ ಟ್ರಯಲ್‌ನ ಬಂಗಾರ ಗೆದ್ದರು. 39ನೇ ವಯಸ್ಸಿನಲ್ಲಿ, 2022ರಲ್ಲಿ, ಮಹಿಳೆಯರ ಟೂರ್ ದ ಫ್ರಾನ್ಸ್ ಗೆದ್ದರು. ನಿನಗೆ ಇನ್ನೂ 23.

ಆದರೆ ನನಗೆ ನಿನ್ನ ಪತ್ರ ಓದಿದಾಗ ಮೊದಲು ನೆನಪಾದವರು ಬೇರೆಯವರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವ. ಸಣ್ಣ ಹುಡುಗ ಇದ್ದಾಗಲೇ ಕಛೇರಿ ಮಾಡಿ ದೊಡ್ಡ ದೊಡ್ಡವರನ್ನು ಬೆರಗು ಮಾಡಿದವರು. ಇಪ್ಪತ್ತನಾಲ್ಕರ ಆಸುಪಾಸಿನಲ್ಲಿ, ಅಂದರೆ ನಿನ್ನ ವಯಸ್ಸಿನಲ್ಲೇ, ಅವರಿಗೆ ಕ್ಷಯ ಬಂತು. ಒಣ ಹವೆ ಒಳ್ಳೆಯದು ಅಂತ ಮಧ್ಯಪ್ರದೇಶದ ದೇವಾಸ್‌ಗೆ ಹೋಗಿ ನೆಲೆಸಿದರು. ಹಾಡಬಾರದು ಅಂತ ಡಾಕ್ಟರ್ ಕಟ್ಟಪ್ಪಣೆ ಮಾಡಿದರು. ಸುಮಾರು ಐದು ವರ್ಷ ಹಾಸಿಗೆ. ಮಲಗಿದಲ್ಲೇ ಅವರು ಕಿವಿ ತೆರೆದು ಇಟ್ಟಿದ್ದರು. ಮಾಳವಾ ಸೀಮೆಯ ಜನರ ಹಾಡು ಕೇಳಿಸಿಕೊಂಡರು. ಎದ್ದ ಮೇಲೆ ಆ ಹಾಡುಗಳಿಂದ ಹೊಸ ರಾಗಗಳನ್ನೇ ಕಟ್ಟಿದರು. ಎದೆಯಲ್ಲಿ ಮೊದಲಿನ ಶಕ್ತಿ ಉಳಿದಿರಲಿಲ್ಲ. ಉಸಿರು ಎಷ್ಟು ಸಾಲುತ್ತದೋ ಅಷ್ಟಕ್ಕೆ ತಕ್ಕಂತೆ ಸಣ್ಣ ಸಣ್ಣ ತಾನ್‌ಗಳಲ್ಲಿ, ಅಂದರೆ ಸ್ವರಗಳ ಸಣ್ಣ ಓಟಗಳಲ್ಲಿ, ಹಾಡಿದರು. ಅವರ ಕಬೀರ್ ಭಜನೆಗಳನ್ನು ಜನ ಇವತ್ತಿಗೂ ಕಣ್ಣು ಮುಚ್ಚಿ ಕೇಳುತ್ತಾರೆ.

ಅವರು ಮಲಗಿದಲ್ಲೇ ಕೇಳಿಸಿಕೊಂಡರು. ನೀನು ಕೈ ಜೋಳಿಗೆಗೆ ಹಾಕಿಕೊಂಡು ರಸ್ತೆ ಬದಿಯಲ್ಲಿ ಕೂತು ನೋಡಿದೆ. ಎದುರುಗಾಳಿಯಲ್ಲಿ ಒಂದು ಹುಡುಗಿಯ ಕಾಲು ನೋಡಿ ಅವಳ ಗಿಯರ್ ತಪ್ಪು ಅಂತ ಹಿಡಿದೆ. ನಮ್ಮ ಎರಿ ಬಯಲಿನ ಗಾಳಿ ಹೇಗೆ ಇರುತ್ತದೆ ಅಂತ ನನಗೆ ಗೊತ್ತು, ತಡೆಯಲು ಒಂದು ಗಿಡವೂ ಇರುವುದಿಲ್ಲ. ಆ ಗಾಳಿಯಲ್ಲಿ ಕಾಲು ಹಗುರಾಗಿ ತಿರುಗಬೇಕು, ತುಳಿದು ತುಳಿದು ಸೋಲಬಾರದು ಅಂತ ಆ ಹುಡುಗಿಗೆ ತಿಳಿಯುವ ಹಾಗೆ ಹೇಳಿದೆ. ಅವಳು ಎರಡನೇ ಸ್ಥಾನ ಬಂದಳು. ಇಷ್ಟು ಬರೆದು ‘ಅದಿರಲಿ’ ಅಂದುಬಿಟ್ಟಿದ್ದೀಯ. ನಾನು ಆ ಜಾಗದಲ್ಲಿ ನಿಂತು ಮೂರು ಸಲ ಓದಿದೆ. ಬಿದ್ದ ದಿನ ನಿನ್ನ ಬದುಕು ತಿರುಗಿತು ಅನ್ನುತ್ತೀಯ. ನನ್ನ ಕಣ್ಣಿಗೆ ಅದು ತಿರುಗಿದ್ದು ಆ ರಸ್ತೆ ಬದಿಯಲ್ಲಿ. ಅಲ್ಲಿ ಕಾಲರ್ ಬೋನ್ ಮುರಿದಿರಲಿಲ್ಲ, ಸದ್ದೂ ಆಗಿರಲಿಲ್ಲ. ಅದಕ್ಕೇ ನಿನಗೆ ಗೊತ್ತಾಗಿಲ್ಲ.

ಹಾಗಂತ ರೇಸ್ ಬಿಡು ಅನ್ನುತ್ತಿಲ್ಲ. ಲೆಕ್ಕ ಮಾತ್ರ ಸರಿಯಾಗಿ ಹಾಕು. ರೈಲ್ವೆಯ ಕ್ರೀಡಾ ಕೋಟಾಕ್ಕೆ ವಯೋಮಿತಿ 18ರಿಂದ 25, ಅದರಲ್ಲಿ ಸಡಿಲಿಕೆ ಇಲ್ಲ. ನಿನ್ನ ಕೈಯಲ್ಲಿ ಇರುವುದು ಹೆಚ್ಚೆಂದರೆ ಎರಡು ಸೀಸನ್. ಬಿ.ಪಿ.ಇಡಿ ಎರಡು ವರ್ಷದ ಓದು. ನಿಮ್ಮ ಜಿಲ್ಲೆಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೇ ಇದೆ, ಊರು ಬಿಟ್ಟು ಹೋಗಬೇಕಾಗಿಲ್ಲ. ಸೇರಿದ ಕೂಡಲೇ ಸೈಕಲ್ ಮೂಲೆಗೆ ಇಡಬೇಕು ಅಂತ ಯಾರು ಹೇಳಿದರು? ವಿದ್ಯಾರ್ಥಿನಿ ಆದರೆ ಅಂತರ ವಿಶ್ವವಿದ್ಯಾಲಯ ಸ್ಪರ್ಧೆಯ ಬಾಗಿಲು ತೆರೆಯುತ್ತದೆ. ವಯಸ್ಸಿನ ಮಿತಿ ಅದಕ್ಕೂ ಇದೆ, ಅದಕ್ಕೇ ಈ ವರ್ಷವೇ ಸೇರಿಕೋ. ಪದವಿ ಕೈಗೆ ಬಂದ ಮೇಲೆ ಶಾಲೆಯಲ್ಲಿ ದೈಹಿಕ ಶಿಕ್ಷಕಿ ಆಗಬಹುದು. ತರಬೇತಿಯೇ ನಿನ್ನ ದಾರಿ ಅನಿಸಿದರೆ ಮುಂದೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಒಂದು ವರ್ಷದ ಕೋಚಿಂಗ್ ಡಿಪ್ಲೊಮಾ ಇದೆ. ಸಣ್ಣದಾಗಿ ಶುರು ಮಾಡುವುದಿದ್ದರೆ ಅಲ್ಲಿ ಆರು ವಾರದ ಕೋರ್ಸೂ ಇದೆ.

ಅಣ್ಣನ ಮೇಲೆ ಸಿಟ್ಟಾಗಬೇಡ. ನೀನು ಬಿದ್ದ ದಿನ ಆಸ್ಪತ್ರೆಗೆ ಓಡಿ ಬಂದವರಲ್ಲಿ ಅವನೂ ಇದ್ದಿರಬೇಕು. ತಂಗಿ ಮತ್ತೆ ಬೀಳಬಾರದು ಅಂತ ಅವನ ಅಂಜಿಕೆ, ಅದು ಮದುವೆಯ ಮಾತಾಗಿ ಬರುತ್ತಿದೆ. ಅವನಿಗೆ ‘ಮದುವಿ ಬ್ಯಾಡ’ ಅನ್ನಬೇಡ, ಒಂದು ತಾರೀಕು ಕೊಡು. ಓದು ಮುಗಿಯುವ ತನಕ ಅಂತ ಹೇಳು. ಇಂಡಿಯವರಿಗೆ ಸೈಕಲ್ ಬಗ್ಗೆ, ಓದಿನ ಬಗ್ಗೆ ನೇರವಾಗಿ ಕೇಳಿಸು. ಅವರು ಏನು ಅನ್ನುತ್ತಾರೆ ಅಂತ ನೀನು ಬರೆದಿಲ್ಲ. ಯಾರೂ ಕೇಳಿಯೇ ಇಲ್ಲ ಅಂತ ಕಾಣುತ್ತದೆ. ಒಪ್ಪಿ ಕಾಯುವವರಾದರೆ ಕಾಯಲಿ. ಕಾಯದಿದ್ದರೆ ಆ ಮನೆ ಹೇಗಿದೆ ಅಂತ ಮದುವೆಗೆ ಮೊದಲೇ ಗೊತ್ತಾಯಿತು.

ಅಪ್ಪನ ಹತ್ತಿರ ಮಾತ್ರ ನೀನೇ ಹೋಗಬೇಕು. ಏನೂ ಅನ್ನುವುದಿಲ್ಲ ಅಂದಿದ್ದೀಯ. ಮಗಳ ಸೈಕಲ್ ಅನ್ನು ವಾರ ವಾರ ಒರೆಸಿ ಇಡುವ ಮನುಷ್ಯ ಇನ್ನು ಏನು ಅನ್ನಬೇಕು? ಮುಂದಿನ ಸಲ ಅವರು ಬಟ್ಟೆ ತೆಗೆದುಕೊಂಡು ಕೂತಾಗ ನೀನೂ ಇನ್ನೊಂದು ಬಟ್ಟೆ ತೆಗೆದುಕೊಂಡು ಪಕ್ಕದಲ್ಲಿ ಕೂತುಕೋ. ಈ ಪತ್ರದಲ್ಲಿ ನನಗೆ ಬರೆದದ್ದನ್ನೆಲ್ಲ ಅವರಿಗೆ ಹೇಳು.

ಇನ್ನೊಂದು. ಗಿಯರ್ ತಿದ್ದಿಸಿಕೊಂಡ ಆ ಹುಡುಗಿಯ ಹೆಸರು ನೀನು ಬರೆದಿಲ್ಲ. ಅವಳು ಈಗಲೂ ಬೆಳಿಗ್ಗೆ ಪ್ರಾಕ್ಟೀಸ್‌ಗೆ ಬರುತ್ತಾಳಾ? ಟೈಮ್ ಎಷ್ಟು ಇಳಿಯಿತು? ಮುಂದಿನ ಪತ್ರದಲ್ಲಿ ಬರಿ.

ನಿನ್ನ ಅಕ್ಕ