ಸ್ಟ್ರೋಕ್ ಆದ ಮೇಲಿನ ಮರೆವಿಗೆ ಯಾವ ರಕ್ತಪರೀಕ್ಷೆ?

ಪ್ರಶ್ನೆ: ತಂದೆಯವರಿಗೆ 67 ವರ್ಷ. ನಾಲ್ಕು ತಿಂಗಳ ಹಿಂದೆ ಸ್ಟ್ರೋಕ್ ಆಗಿತ್ತು. ಕೈ ಸುಧಾರಿಸಿದೆ, ಆದರೆ ಅಡಕೆ ಮಾರಿದ ಲೆಕ್ಕ ತಪ್ಪುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಮರೆವು ಹೆಚ್ಚುತ್ತದೋ ಎಂದು ತಿಳಿಯಲು ಎನ್‌ಎಫ್‌ಎಲ್, ಪಿ-ಟಾವ್ ಎಂಬ ರಕ್ತಪರೀಕ್ಷೆಗಳಿವೆಯಂತೆ. ಮಾಡಿಸಬೇಕೆ?
– ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು)

ಉತ್ತರ: ಸದ್ಯಕ್ಕೆ ಬೇಡ. ಎನ್‌ಎಫ್‌ಎಲ್ ನರತಂತುಗಳೊಳಗಿನ ಒಂದು ಪ್ರೋಟೀನು. ತಂತು ಹಾಳಾದಾಗ ರಕ್ತಕ್ಕೆ ಸೋರುತ್ತದೆ. ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ಏರಿದ್ದು ಇಳಿಯಲು ತಿಂಗಳುಗಳೇ ಬೇಕು. ವಯಸ್ಸಾದಂತೆ, ಕಿಡ್ನಿ ಸೋತಾಗ, ಸಕ್ಕರೆಯಿಂದ ಕಾಲಿನ ನರ ಸವೆದಾಗಲೂ ಅದು ಹೆಚ್ಚುತ್ತದೆ. ಬಹಳ ರೋಗಿಗಳನ್ನು ಒಟ್ಟಿಗೆ ನೋಡಿದಾಗ ಎನ್‌ಎಫ್‌ಎಲ್ ಹೆಚ್ಚಿದ್ದವರಲ್ಲಿ ಮರೆವು ಜಾಸ್ತಿ ಕಂಡಿದೆ ನಿಜ. ಆದರೆ ಒಬ್ಬರ ವರದಿ ಹಿಡಿದು ಅವರ ಮುಂದಿನ ಸ್ಥಿತಿ ಹೇಳಲು ಬರುವುದಿಲ್ಲ. ಪಿ-ಟಾವ್ (ಈಗ ಹೆಚ್ಚಾಗಿ ಅಳೆಯುವುದು ಪಿ-ಟಾವ್217 ಎಂಬ ಬಗೆ) ಅಲ್‌ಝೈಮರ್ ಕಾಯಿಲೆಯ ಸೂಚಕ, ಸ್ಟ್ರೋಕಿನ ಹಾನಿಯದ್ದಲ್ಲ. ಮರೆವು ಸ್ಟ್ರೋಕಿಗೆ ಮೊದಲೇ ಶುರುವಾಗಿತ್ತೆ? ಹಾಗಿದ್ದರೆ ನರರೋಗ ತಜ್ಞರಿಗೆ ತಪ್ಪದೆ ತಿಳಿಸಿ. ಆ ಪರೀಕ್ಷೆ ಬೇಕೇ ಎಂದು ಅವರು ನಿರ್ಧರಿಸಲಿ.

ಆ ದುಡ್ಡಿನಲ್ಲಿ ಬಿ12, ಟಿಎಸ್‌ಎಚ್ (ಥೈರಾಯ್ಡ್), ಸೋಡಿಯಂ, ಕ್ರಿಯಾಟಿನಿನ್ (ಕಿಡ್ನಿ), ಹಿಮೋಗ್ಲೋಬಿನ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನೋಡಿಸಿ. ಇವುಗಳಲ್ಲಿ ಸರಿಪಡಿಸಬಹುದಾದ ಕಾರಣ ಸಿಕ್ಕೀತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕುಸಿಯುವುದು ಸಾಮಾನ್ಯ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ಸೋಡಿಯಂ ಇಳಿದು ತಲೆ ಮಂಕಾಗಬಹುದು. ಕೊರತೆಯೇ ಇಲ್ಲದವರು ವಿಟಮಿನ್ ಮಾತ್ರೆ ನುಂಗಿದರೆ ನೆನಪು ಉಳಿಯುತ್ತದೆಂಬುದಕ್ಕೆ ಆಧಾರವಿಲ್ಲ.

ಮರೆವು ಎಷ್ಟೆಂದು ತಿಳಿಯಲು ಪ್ರಶ್ನೋತ್ತರದ ಪರೀಕ್ಷೆಯೇ ಬೇಕು. 30 ಅಂಕಗಳ ‘ಮೋಕಾ’ ಹೆಚ್ಚು ಬಳಕೆಯಲ್ಲಿದೆ. ನಮ್ಮ ಕಡೆ ಇಲ್ಲೇ ಎಡವಟ್ಟಾಗುವುದು: ಕನ್ನಡ ಶಾಲೆಯಲ್ಲಿ ಓದಿದವರನ್ನು ಮಲಯಾಳದಲ್ಲಿ ಕೇಳಿದರೆ, ನೆನಪು ಚೆನ್ನಾಗಿದ್ದರೂ ಅಂಕ ಹೋಗುತ್ತದೆ. ಮೋಕಾ ಕನ್ನಡದಲ್ಲಿದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷಾ ಗುಚ್ಛವೂ ಕನ್ನಡ, ಮಲಯಾಳ ಎರಡರಲ್ಲೂ ಇದೆ. ಕನ್ನಡದಲ್ಲೇ ಕೇಳಿ ಎಂದು ಒತ್ತಾಯಿಸಿ. ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರಿಲ್ಲದಿದ್ದರೆ ಮಂಗಳೂರಿನಲ್ಲಿ ಮಾಡಿಸಿ. ಕನ್ನಡಕ, ಶ್ರವಣಯಂತ್ರ ಮರೆಯದೆ ಒಯ್ಯಿರಿ. ಶಾಲೆ ಓದಿದ್ದು 12 ವರ್ಷ ಅಥವಾ ಅದಕ್ಕೂ ಕಡಿಮೆಯಾದರೆ ಒಂದು ಅಂಕ ಸೇರಿಸುವ ನಿಯಮವಿದೆ. ನಾಲ್ಕು ತಿಂಗಳಾಗಿರುವುದರಿಂದ ಈಗಿನ ಅಂಕವನ್ನು ನಂಬಬಹುದು. ಆರು ತಿಂಗಳ ಬಳಿಕ ಅದೇ ಭಾಷೆಯಲ್ಲಿ ಮತ್ತೆ ಮಾಡಿಸಿ ಹೋಲಿಸಿ. ಸ್ಟ್ರೋಕಿನ ನಂತರದ ಖಿನ್ನತೆಯೂ ಮರೆವಿನಂತೆಯೇ ಕಾಣುತ್ತದೆ, ಅದಕ್ಕೆ ಮದ್ದಿದೆ. ಊಟ, ನಿದ್ದೆ, ತೋಟದ ಮೇಲಿನ ಆಸಕ್ತಿ ಹೇಗಿದೆಯೆಂದು ವೈದ್ಯರಿಗೆ ಹೇಳಿ.

ಮತ್ತೊಂದು ಸ್ಟ್ರೋಕ್ ಆದರೆ ಮರೆವು ಇನ್ನೂ ಹೆಚ್ಚುತ್ತದೆ. ಬಿಪಿ 130/80ಕ್ಕಿಂತ ಕೆಳಗೆ, ರಕ್ತನಾಳ ಕಟ್ಟಿ ಆದ ಸ್ಟ್ರೋಕಾದರೆ ಎಲ್‌ಡಿಎಲ್ ಸಾಮಾನ್ಯವಾಗಿ 70ಕ್ಕಿಂತ ಕೆಳಗೆ ಇರಲಿ. ಗೊಂದಲ ಒಂದೆರಡು ದಿನದಲ್ಲೇ ದಿಢೀರ್ ಹೆಚ್ಚಿದರೆ ಸೋಂಕು, ಸೋಡಿಯಂ ಕುಸಿತ ಅಥವಾ ಹೊಸ ಸ್ಟ್ರೋಕ್ ಇರಬಹುದು; ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.