ಸೋಲಾಪುರದ ಶಶಿಕಲಾ: ಬೈಸಿಕೊಂಡೇ ಗೆದ್ದಾಕೆ

ಪ್ರಶ್ನೆ: ನಮ್ಮದು ಅಕ್ಕಲಕೋಟ ರೀ. ಮನಿಯೊಳಗ ಕನ್ನಡ, ಸಾಲಿಯೊಳಗ ಮರಾಠಿ, ಟಾಕೀಜಿನೊಳಗ ಹಿಂದಿ. ಟಿ.ವಿ.ಯೊಳಗ ಹಳೇ ಹಿಂದಿ ಸಿನಿಮಾ ಬಂತಂದ್ರ ನಮ್ಮ ಆಯಿ ಎದ್ದು ಹೋಗೂದಿಲ್ಲ. ಶಶಿಕಲಾ ಕಂಡ ಕೂಡ್ಲೆ ‘ಬಂದ್ಲು ನೋಡು ಮನಿಮುರುಕಿ’ ಅಂತ ಬೈತಾಳ. ಮರುಗಳಿಗಿಗೆ ‘ಆಕಿ ನಮ್ಮ ಸೋಲಾಪುರದಾಕಿ’ ಅಂತ ಹೇಳ್ಕೋತಾಳ. ಆಕಿ ಖರೇನ ನಮ್ಮ ಕಡ್ಯಾಕೇನ್ರಿ? ಅಷ್ಟು ಚೆಲುವಿ ಖಳನಾಯಕಿ ಯಾಕಾದಳು?

ಉತ್ತರ: ನಿಮ್ಮ ಆಯಿ ಹೇಳುವುದು ಎರಡೂ ಖರೆ. ಶಶಿಕಲಾ ಜವಳಕರ ಹುಟ್ಟಿದ್ದು 1932ರ ಆಗಸ್ಟ್ 4ರಂದು, ಸೋಲಾಪುರದಲ್ಲೇ. ಮನೆ ಮಾತು ಮರಾಠಿ. ತಂದೆ ಅನುಕೂಲಸ್ಥ ವ್ಯಾಪಾರಿ. ವ್ಯಾಪಾರ ಮುಳುಗಿದ ಮೇಲೆ ಕುಟುಂಬ ಮುಂಬಯಿಗೆ ಗಂಟುಮೂಟೆ ಕಟ್ಟಿತು. ಊರೂರಲ್ಲಿ ಹಾಡಿ ಕುಣಿದು ಅಭ್ಯಾಸವಾಗಿದ್ದ ಹುಡುಗಿ ಸ್ಟುಡಿಯೊ ಬಾಗಿಲು ತಟ್ಟುತ್ತ ನಟಿ, ಗಾಯಕಿ ನೂರ್‌ಜಹಾನ್ ಕಣ್ಣಿಗೆ ಬಿದ್ದಳು. ನೂರ್‌ಜಹಾನ್ ಪತಿ ಶೌಕತ್ ಹುಸೇನ್ ರಿಜ್ವಿ ಆಗ ‘ಝೀನತ್’ (1945) ತೆಗೆಯುತ್ತಿದ್ದರು. ಅದರ ಹೆಂಗಸರ ಕವ್ವಾಲಿಯ ಗುಂಪಿನಲ್ಲಿ ಈಕೆಗೊಂದು ಜಾಗ ಸಿಕ್ಕಿತು.

ಮುಂದಿನ ಹದಿನೈದು ವರ್ಷ ಸಣ್ಣ ಪುಟ್ಟ ಪಾತ್ರಗಳಲ್ಲೇ ಸವೆದವು. ವಿ. ಶಾಂತಾರಾಮರ ‘ತೀನ್ ಬತ್ತಿ ಚಾರ್ ರಾಸ್ತಾ’ (1953) ಅವುಗಳಲ್ಲೊಂದು. ಬೇರೆ ಬೇರೆ ಪ್ರಾಂತದ ಸೊಸೆಯಂದಿರು ಒಂದೇ ಸೂರಿನಡಿ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುವ ಮನೆಯ ಕಥೆ ಅದು. ದೇಶಕ್ಕೆ ಅದು ವಿಚಿತ್ರ ಅನಿಸಿರಬಹುದು. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಒಂದೇ ಓಣಿಯಲ್ಲಿ ಕೇಳುವ ಸೋಲಾಪುರದವರಿಗೆ ಅದರಲ್ಲೇನು ಹೊಸದು!

ಮುಖವೇನೋ ನಾಯಕಿಯದೇ ಇತ್ತು, ದೆಸೆ ಇರಲಿಲ್ಲ. ದೆಸೆ ತಿರುಗಿದ್ದು 1962ರ ‘ಆರತಿ’ಯಿಂದ. ತಾರಾಚಂದ್ ಬಡಜಾತ್ಯಾ ಅವರ ರಾಜಶ್ರೀ ಸಂಸ್ಥೆ ತಾನೇ ನಿರ್ಮಿಸಿದ ಮೊದಲ ಚಿತ್ರ. ಮೀನಾ ಕುಮಾರಿ ಡಾಕ್ಟರ್ ಸೊಸೆ, ಶಶಿಕಲಾ ಆಕೆಯ ನೆಗೆಣ್ಣಿ. ಕೂಡುಕುಟುಂಬವನ್ನು ಹಾಡಿ ಹೊಗಳಿ ಹೆಸರಾದ ಸಂಸ್ಥೆಯ ಮೊದಲ ಚಿತ್ರದಲ್ಲಿ ಜನರ ನೆನಪಿನಲ್ಲುಳಿದದ್ದು ಮನೆ ಒಡೆಯುವ ನೆಗೆಣ್ಣಿ ಎಂಬುದು ನನಗೆ ಇವತ್ತಿಗೂ ತಮಾಷೆ. ಆ ಪಾತ್ರಕ್ಕೆ ಫಿಲ್ಮ್‌ಫೇರ್ ಪೋಷಕ ನಟಿ ಪ್ರಶಸ್ತಿ ಬಂತು.

‘ಯಾಕಾದಳು’ ಅನ್ನುವುದಕ್ಕೆ ನನ್ನ ಉತ್ತರವೂ ಆ ಚಿತ್ರದಲ್ಲೇ ಇದೆ. ಆ ಕಾಲದ ಕೆಟ್ಟ ಹೆಂಗಸೆಂದರೆ ಕ್ಲಬ್ಬು, ಸಿಗರೇಟು, ಕುಣಿತ. ನೋಡಿದ ಕೂಡಲೇ ಗೊತ್ತಾಗಬೇಕು. ಶಶಿಕಲಾ ತಂದ ಕೆಡುಕು ಒಲೆ ಮುಂದಿನದು, ಹೊಸ್ತಿಲೊಳಗಿನದು. ನಗುತ್ತಲೇ ಒಂದು ಮಾತು ಬಿಡುವುದು, ಕಣ್ಣಂಚಿನಲ್ಲಿ ಲೆಕ್ಕ ಹಾಕುವುದು, ಸಿಕ್ಕಿಬಿದ್ದರೆ ಮೊದಲು ತಾನೇ ಅಳುವುದು. ಅಂಥ ಹೆಂಗಸನ್ನು ಪ್ರೇಕ್ಷಕರು ಪರದೆಯ ಮೇಲೆ ಮೊದಲ ಸಲ ಕಂಡರೂ ಮನೆಯಲ್ಲಿ ಅದಾಗಲೇ ಕಂಡಿದ್ದರು. ಆಯಿ ಬೈಯುವುದು ಬಹುಶಃ ಶಶಿಕಲಾಳನ್ನಲ್ಲ. ಯಾರನ್ನು ಅಂತ ಕೇಳಿ ನೋಡಿ, ಒಂದು ಹೆಸರು ಹೊರಬಿದ್ದೀತು!

ಮರುವರ್ಷವೇ ಬಿ.ಆರ್. ಚೋಪ್ರಾರ ‘ಗುಮ್ರಾಹ್’ಗೆ (1963) ಅದೇ ಪ್ರಶಸ್ತಿ ಮತ್ತೆ. ಮದುವೆಯಾದ ಮೇಲೂ ಹಳೆಯ ಪ್ರಿಯಕರನನ್ನು ಭೇಟಿಯಾಗುವ ಮಾಲಾ ಸಿನ್ಹಾಳಿಗೆ ‘ನಾನೇ ಅವನ ಹೆಂಡತಿ’ ಎಂದು ಬೆದರಿಸಿ ದುಡ್ಡು ಕೀಳುವ ಪಾತ್ರ. ಕೊನೆಗೆ ಗುಟ್ಟು ಬಿಚ್ಚಿದಾಗ ಆಕೆ ದುಷ್ಟೆಯೇ ಅಲ್ಲ, ಗಂಡ ಅಶೋಕ್ ಕುಮಾರರ ಆಫೀಸಿನ ಸೆಕ್ರೆಟರಿ. ಅವರು ಹೇಳಿದಂತೆ ನಾಟಕ ಆಡಿದ್ದಾಳೆ ಅಷ್ಟೆ. ಎರಡನೇ ಸಲ ನೋಡಿದರೆ ಮಜಾ ಬೇರೆ: ಕೆಟ್ಟವಳ ಪಾತ್ರ ಮಾಡುತ್ತಿರುವ ಒಬ್ಬ ಒಳ್ಳೆಯ ಹೆಂಗಸಿನ ಪಾತ್ರವನ್ನು ಶಶಿಕಲಾ ಮಾಡುತ್ತಿದ್ದಾರೆ. ಆದರೆ ನಿರ್ಮಾಪಕರಿಗೆ ನೆನಪುಳಿದದ್ದು ಮೊದಲರ್ಧ ಮಾತ್ರ. ಆಮೇಲೆ ವರ್ಷಗಟ್ಟಲೆ ಅತ್ತಿಗೆ, ನಾದಿನಿ, ಹೊಟ್ಟೆಕಿಚ್ಚಿನ ಗೆಳತಿ. ತಪ್ಪು ಆಕೆಯದಲ್ಲ, ಬರೆದವರದು.

ಪ್ರಶ್ನೆ: ಜತ್ತದಿಂದ ಬರೆಯುತ್ತಿದ್ದೇನೆ. ತಾಯಿ ಪಾತ್ರದ ಸುಲೋಚನಾ ಕೂಡ ನಮ್ಮ ಗಡಿ ಭಾಗದವರೆಂದು ಕೇಳಿದ್ದೇನೆ. ಇವರಿಬ್ಬರೂ ಒಂದೇ ಚಿತ್ರದಲ್ಲಿ ಇದ್ದಾರೆಯೇ?

ಉತ್ತರ: ಇದ್ದಾರೆ, ಅದೂ ತಾಯಿ ಮಗಳಾಗಿ! ಸುಲೋಚನಾ ಲಾಟಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಸಮೀಪದ ಖಡಕಲಾಟದಲ್ಲಿ, 1928ರಲ್ಲಿ. ಕೊಲ್ಲಾಪುರದಲ್ಲಿ ಭಾಲಜಿ ಪೆಂಢಾರಕರ ಕೈಯಲ್ಲಿ ಪಳಗಿ ಮರಾಠಿಯಲ್ಲಿ ನಾಯಕಿಯಾಗಿ ಮೆರೆದವರನ್ನು ಹಿಂದಿಯವರು ಬೇಗನೆ ತಾಯಿ ಮಾಡಿಬಿಟ್ಟರು.

ನೀವು ಕೇಳುವ ಚಿತ್ರ ಬಿಮಲ್ ರಾಯ್ ಅವರ ‘ಸುಜಾತಾ’ (1959). ಅಸ್ಪೃಶ್ಯರ ಮನೆಯ ಅನಾಥ ಕೂಸನ್ನು ಮೇಲ್ಜಾತಿಯ ದಂಪತಿ ಸಾಕುತ್ತಾರೆ. ಆ ಸಾಕುಮಗಳು ನೂತನ್, ಹೆತ್ತ ಮಗಳು ರಮಾ ನಮ್ಮ ಶಶಿಕಲಾ, ತಾಯಿ ಸುಲೋಚನಾ. ಜಾತಿ ಹಿಡಿದು ಕೂತ ಮುದುಕಿಯಾಗಿ ಲಲಿತಾ ಪವಾರ್. ಈಗ ವಯಸ್ಸಿನ ಲೆಕ್ಕ ನೋಡಿ: ಅಮ್ಮನಿಗೆ 31, ದೊಡ್ಡ ಹುಡುಗಿಯಾದ ಮಗಳಿಗೆ 27! ಹಿಂದಿ ಚಿತ್ರರಂಗದಲ್ಲಿ ಪೋಷಕ ನಟಿಯ ವಯಸ್ಸನ್ನು ಜನ್ಮಪತ್ರಿಕೆ ತೀರ್ಮಾನಿಸುತ್ತಿರಲಿಲ್ಲ, ಬೈತಲೆಗೆ ಬಳಿಯುವ ಬಿಳಿ ಬಣ್ಣ ತೀರ್ಮಾನಿಸುತ್ತಿತ್ತು.

ಸುಲೋಚನಾಗೆ ಇಲ್ಲಿ ಸಿಕ್ಕಿದ್ದು ಸುಲಭದ ತಾಯ್ತನವಲ್ಲ. ‘ಮಗಳು’ ಎನ್ನಲು ನಾಲಿಗೆ ತಡೆದು ‘ಮಗಳಂತೆ’ ಎಂದು ನಿಲ್ಲುವ ಹೆಂಗಸು. ಪ್ರೀತಿಯಿದ್ದೂ ಹಿಂಜರಿಯುವ ಆ ಸಂಕಟವನ್ನು ಅವರು ಅರ್ಧ ಕ್ಷಣದ ಮೌನದಲ್ಲಿ ತರುತ್ತಾರೆ. ಶಶಿಕಲಾ ಇಲ್ಲಿ ತದ್ವಿರುದ್ಧ. ಅಕ್ಕ ಯಾವ ಜಾತಿ ಎಂಬ ಚಿಂತೆಯೇ ಇಲ್ಲದ, ಮನೆ ತುಂಬ ಪುಟಿಯುವ ಹುಡುಗಿ. ‘ಮನಿಮುರುಕಿ’ ಎಂದಷ್ಟೇ ಬಲ್ಲವರು ಈ ರಮಾಳನ್ನು ನೋಡಲೇಬೇಕು. ಹೃಷಿಕೇಶ್ ಮುಖರ್ಜಿಯವರ ‘ಅನುಪಮಾ’ (1966) ನೋಡಿದರೂ ಸರಿ. ಅಲ್ಲಿ ಶರ್ಮಿಳಾ ಟಾಗೋರ್ ಬಾಯಿಯೇ ಬಿಡುವುದಿಲ್ಲ, ಇಬ್ಬರ ಪಾಲಿನ ಮಾತನ್ನೂ ಶಶಿಕಲಾ ಒಬ್ಬರೇ ಆಡುತ್ತಾರೆ.

ಪ್ರಶ್ನೆ: ಆಮೇಲೆ ಶಶಿಕಲಾ ಏನಾದರು? (ಮಂದ್ರೂಪದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ನಡುವೆ ಚಿತ್ರರಂಗ ಬಿಟ್ಟು ಮದರ್ ತೆರೇಸಾ ಅವರ ಸಂಸ್ಥೆಯಲ್ಲಿ ರೋಗಿಗಳ ಸೇವೆಗೆ ನಿಂತರು. ಮರಳಿ ಬಂದು ‘ಬಾದಶಾಹ್’ (1999), ‘ಮುಝ್‌ಸೆ ಶಾದಿ ಕರೋಗಿ’ (2004) ಮುಂತಾದವುಗಳಲ್ಲಿ ಚಿಕ್ಕ ಪಾತ್ರ ಮಾಡಿದರು. 2007ರಲ್ಲಿ ಪದ್ಮಶ್ರೀ ಬಂತು. 2021ರ ಏಪ್ರಿಲ್ 4ರಂದು, 88ನೇ ವಯಸ್ಸಿನಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಸುಲೋಚನಾ 2023ರ ಜೂನ್‌ನಲ್ಲಿ ಹೋದರು.

ನಿಮ್ಮ ಮನೆಯಲ್ಲಿ ಅಕ್ಕನೋ ಅಣ್ಣನೋ ಟಿ.ವಿ.ಯಲ್ಲಿ ‘ಸೋನ್ ಪರಿ’ ನೋಡಿ ಬೆಳೆದವರಿದ್ದರೆ ಕೇಳಿ ನೋಡಿ: ಅದರ ಅಜ್ಜಿ ನೆನಪಿದ್ದಾಳಾ ಅಂತ. ಆಕೆಯೇ ಈ ಶಶಿಕಲಾ.